ಮಧ್ಯಾಹ್ನ ಒಂದೂವರೆಯ ನಂತರದ ಬಿಸಿಲು

ಬಹುತೇಕ ಪ್ರತಿ ವರ್ಷ ಬೇಸಿಗೆ ಏರುವ ಹೊತ್ತಿಗೆ ನಮ್ಮ ರಾಜ್ಯ ಸರ್ಕಾರದಿಂದ ಒಂದು ಆದೇಶ ಹೊರಡುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳನ್ನೊಳಗೊಂಡ ಕಲಬುರಗಿ ವಿಭಾಗದಲ್ಲಿ ಮತ್ತು ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಟ್ಟಿಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಬೇಕು ಎಂಬುದು ಅದರ ತಿರುಳು. ಕಲಬುರಗಿಯಲ್ಲಿ ಬೆಳೆದವರಿಗೆ ಇದು ಬೇಸಿಗೆಯ ಜೊತೆಗೇ ಬರುವ ಸಂಗತಿ. ಯಾರೂ ಅದನ್ನು ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಆ ಒಂದು ಪುಟದ ಆದೇಶದಲ್ಲಿ ಬಹಳ ದೊಡ್ಡ ಒಪ್ಪಿಗೆ ಅಡಗಿದೆ. ಬಿಸಿಲು ಮನುಷ್ಯನ ದೇಹಕ್ಕೆ ಹಾನಿ ಮಾಡುತ್ತದೆ, ಆ ಹಾನಿ ಮಿತಿಮೀರುವ ಹೊತ್ತು ಯಾವುದೆಂದು ಗೊತ್ತಿದೆ, ಆ ಹೊತ್ತನ್ನು ತಪ್ಪಿಸುವಂತೆ ಕೆಲಸವನ್ನು ಹೊಂದಿಸಲು ಬರುತ್ತದೆ, ಹಾಗೆ ಹೊಂದಿಸಿದ್ದಕ್ಕೆ ಯಾರ ಸಂಬಳವನ್ನೂ ಕಡಿತ ಮಾಡಬೇಕಿಲ್ಲ ಎಂಬುದನ್ನೆಲ್ಲ ಸರ್ಕಾರವೇ ಬರೆದುಕೊಟ್ಟಂತಾಗಿದೆ. ಇದು ವಿವೇಕದ ಆದೇಶ, ಇದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಇದು ಯಾರ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ ಎಂಬುದೊಂದೇ ನನ್ನ ಚಿಂತೆ.

ಒಂದೂವರೆಗೆ ಕಚೇರಿಯ ಬಾಗಿಲು ಮುಚ್ಚುತ್ತದೆ. ಅದೇ ಕಚೇರಿಯ ಕಾಂಪೌಂಡಿಗೆ ತಾಗಿ ತಳ್ಳುಗಾಡಿಯಲ್ಲಿ ಕಲ್ಲಂಗಡಿ ಮಾರುವವನಿಗೆ ಆ ಆದೇಶ ಅನ್ವಯಿಸುವುದಿಲ್ಲ. ರಸ್ತೆಯಂಚಿನಲ್ಲಿ ಕೇಬಲ್ಲಿಗಾಗಿ ಗುಂಡಿ ತೋಡುವ ಗುತ್ತಿಗೆ ಕೂಲಿಗಳಿಗೆ, ಕರಗಿದ ಡಾಂಬರನ್ನು ಹರಡುವವರಿಗೆ, ಆಟೋ ಓಡಿಸುವವರಿಗೆ, ಮೂರನೇ ಮಹಡಿಗೆ ಇಟ್ಟಿಗೆ ಹೊರುವ ಹೆಂಗಸರಿಗೆ, ಗಂಜಿನ, ಅಂದರೆ ಸಗಟು ಪೇಟೆಯ, ಅಂಗಡಿಗಳಲ್ಲಿ ಲಾರಿಗೆ ಚೀಲ ತುಂಬುವ ಹಮಾಲರಿಗೆ ಅದು ತಲುಪುವುದಿಲ್ಲ. ಅವರಲ್ಲಿ ಹಲವರು ಮಾಡುತ್ತಿರುವುದು ಸರ್ಕಾರದ್ದೇ ಕೆಲಸ, ಗುತ್ತಿಗೆದಾರನ ಮೂಲಕ ಬಂದದ್ದು ಅಷ್ಟೆ. ಗಂಜಿನಲ್ಲಿ ಒಬ್ಬ ಹಿರಿಯ ಹಮಾಲರನ್ನು ಮಧ್ಯಾಹ್ನ ಒಂದು ತಾಸು ಕೂರಬಾರದೇ ಎಂದು ಕೇಳಿದಾಗ ಅವರು ಸಿಟ್ಟಿಲ್ಲದೆ, ತಿಳಿಯದವರಿಗೆ ತಿಳಿಸುವ ಧಾಟಿಯಲ್ಲಿ, "ಕೂತ್ರ ಪಗಾರ ಯಾರ ಕೊಡ್ತಾರ್ರೀ? ಚೀಲ ಎತ್ತಿದ್ರ ಲೆಕ್ಕ, ಇಲ್ಲಂದ್ರ ಇಲ್ಲ" ಎಂದರು. ನಗರಗಳ ಬೇಸಿಗೆಯ ಆರೋಗ್ಯದ ಬಗ್ಗೆ ನಾನು ಓದಿದ ಬಹಳಷ್ಟು ವರದಿಗಳ ಸಾರ ಆ ಎರಡು ವಾಕ್ಯಗಳಲ್ಲಿದೆ ಎಂದು ನನಗೆ ಅನ್ನಿಸಿದೆ.

ದೇಹದ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಒಳಗಿನ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರಬೇಕು. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಒಳಗಿನ ಶಾಖವನ್ನು ಹೊರಹಾಕಲು ಉಳಿಯುವ ದಾರಿ ಬೆವರು ಆರುವುದೊಂದೇ. ಬೆವರಲು ನೀರು ಬೇಕು, ಉಪ್ಪು ಬೇಕು. ಬೆವರು ಆರಲು ಗಾಳಿಯಾಡಬೇಕು. ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸಲು ಹೃದಯ ಹೆಚ್ಚು ಬಡಿದುಕೊಳ್ಳಬೇಕು. ಇದರ ಮೇಲೆ ದುಡಿಯುವ ಸ್ನಾಯುಗಳೇ ಶಾಖ ಹುಟ್ಟಿಸುತ್ತವೆಯಾದ್ದರಿಂದ, ಒಂದೇ ಬೀದಿಯಲ್ಲಿ ನಿಂತು ಮಾತಾಡುವವನಿಗೂ ಹೆಗಲ ಮೇಲೆ ಚೀಲ ಹೊತ್ತವನಿಗೂ ತಗಲುವ ಬಿಸಿ ಒಂದೇ ಆಗಿರುವುದಿಲ್ಲ. ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಮಾತು ತೊದಲಿ, ಪ್ರಜ್ಞೆ ಮಸುಕಾದರೆ ವೈದ್ಯರು ಅದನ್ನು ಹೀಟ್ ಸ್ಟ್ರೋಕ್ ಎನ್ನುತ್ತಾರೆ. ಆಗ ತಕ್ಷಣ ದೇಹವನ್ನು ತಣಿಸದಿದ್ದರೆ ಮೆದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಪೆಟ್ಟು ಬೀಳುತ್ತದೆ. ಆದರೆ ಸಾಮಾನ್ಯವಾಗಿ ಅಲ್ಲಿಗೆ ಹೋಗುವ ಮುಂಚೆ ದೇಹ ಹಲವು ಸಲ ಹೇಳಿನೋಡುತ್ತದೆ. ತಲೆ ಸಿಡಿಯುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಆ ಹೊತ್ತಿಗೆ ಕೈಲಿದ್ದುದನ್ನು ಕೆಳಗಿಟ್ಟು, ನೆರಳಿಗೆ ಹೋಗಿ, ನೀರು ಕುಡಿದು ಒರಗಿಕೊಂಡವರು ಬಹುತೇಕ ಬದುಕುತ್ತಾರೆ. ಕೈಲಿದ್ದುದನ್ನು ಕೆಳಗಿಡುವ ಸ್ವಾತಂತ್ರ್ಯ ಇಲ್ಲದವರು ಮುಂದಿನ ಹಂತಕ್ಕೆ ಹೋಗುತ್ತಾರೆ. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ ಎಂಬ ಮಾತು ಅರ್ಧ ನಿಜ. ನಿಲ್ಲಿಸುವ ಹಕ್ಕು ಮತ್ತು ತಣಿಯುವ ಜಾಗ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದೇ ಬೇಸಿಗೆಯಲ್ಲಿ ಯಾರು ಕಾಯಿಲೆ ಬೀಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಪತ್ರಿಕೆಯಲ್ಲಿ ನಾವು ಓದುವ 43 ಡಿಗ್ರಿ, 44 ಡಿಗ್ರಿ ಎಂಬ ಅಂಕಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹವಾಮಾನ ಇಲಾಖೆ ಆ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಎತ್ತರದಲ್ಲಿ, ಗಾಳಿಯಾಡಲು ಸುತ್ತಲೂ ಪಟ್ಟಿಗಳ ಸಂದಿಯಿರುವ, ಬಿಳಿ ಬಣ್ಣ ಬಳಿದ ಪೆಟ್ಟಿಗೆಯೊಳಗಿನ ತಾಪಮಾಪಕದಿಂದ. ಅಂದರೆ ಅದು ನೆರಳಿನ ಉಷ್ಣಾಂಶ. ವಿಜ್ಞಾನಕ್ಕೆ ಅದು ಸರಿಯಾದ ಕ್ರಮ, ಒಂದೂರನ್ನು ಇನ್ನೊಂದೂರಿನೊಡನೆ ಹೋಲಿಸಲು ಬೇರೆ ದಾರಿಯಿಲ್ಲ. ಆದರೆ ಆ ಪೆಟ್ಟಿಗೆಗಿರುವ ನೆರಳು, ಗಾಳಿ, ಬಿಳಿ ಬಣ್ಣ ಈ ಮೂರೂ ನಮ್ಮ ನಗರಗಳ ತಗಡಿನ ಶೆಡ್ಡುಗಳಿಗೆ ಇಲ್ಲ. ಡಾಂಬರಿನ ಮೇಲೆ ನಿಂತವನ ಕಾಲಿಗೆ, ತಗಡಿನಡಿ ಮಲಗಿದ ಕೂಸಿನ ಮೈಗೆ ತಗಲುವ ಬಿಸಿ ಆ ಅಂಕಿಗಿಂತ ಎಷ್ಟೋ ಹೆಚ್ಚಿರುತ್ತದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನಲ್ಲಿ ಸರ್ಕಾರಿ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದು ತೆರೆದ ಮೈದಾನದಲ್ಲಿ ಗಂಟೆಗಟ್ಟಲೆ ಕುಳಿತಿದ್ದ ಜನರಲ್ಲಿ 14 ಮಂದಿ ತೀರಿಕೊಂಡರು. ಹತ್ತಿರದ ಕೇಂದ್ರದಲ್ಲಿ ಅಂದು ದಾಖಲಾದದ್ದು 38 ಡಿಗ್ರಿಯ ಆಸುಪಾಸು. ಕರಾವಳಿಯ ಆರ್ದ್ರತೆಯಲ್ಲಿ ಬೆವರು ಆರುವುದಿಲ್ಲ, ತಲೆಯ ಮೇಲೆ ನೆರಳಿರಲಿಲ್ಲ. ವೇದಿಕೆಯ ಮೇಲೆ ಚಾವಣಿಯಿತ್ತು.

ಹಗಲಿನಷ್ಟೇ ಮುಖ್ಯವಾದದ್ದು ರಾತ್ರಿ, ಅದರ ಬಗ್ಗೆ ನಾವು ಮಾತಾಡುವುದು ಬಹಳ ಕಡಿಮೆ. ಹಗಲೆಲ್ಲ ಕಾದ ದೇಹ ರಾತ್ರಿಯ ತಂಪಿನಲ್ಲಿ ಸುಧಾರಿಸಿಕೊಳ್ಳಬೇಕು. ಸುಧಾರಿಸಿಕೊಳ್ಳಲು ಬಿಡದ ರಾತ್ರಿಗಳು ಸಾಲಾಗಿ ಬಂದಾಗ ವಯಸ್ಸಾದವರ, ಹೃದ್ರೋಗಿಗಳ ಸಾವು ಏರುತ್ತದೆ. ಹವಾಮಾನ ಇಲಾಖೆಯೂ ಹಗಲಿನ ಉಷ್ಣಾಂಶ 40 ದಾಟಿದ ದಿನ ರಾತ್ರಿಯ ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿಯಷ್ಟು ಏರಿದರೆ ಅದನ್ನು ಬಿಸಿ ರಾತ್ರಿ ಎಂದು ಬೇರೆಯಾಗಿ ಗುರುತಿಸುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಇರುತ್ತಿದ್ದವು. ಬಿಸಿಲು ಅವನ್ನು ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು, ಆಮೇಲೆ ಎಲ್ಲರೂ ಹಾಸಿಗೆ ಹೊತ್ತುಕೊಂಡು ಮಾಳಿಗೆ ಏರುತ್ತಿದ್ದರು. ಈಗ ನಗರದ ಬಡಾವಣೆಯಂಚಿನಲ್ಲಿ ಬಾಡಿಗೆಗೆ ಸಿಗುವುದು ಒಂದೇ ಕೋಣೆ, ತೆಳ್ಳನೆಯ ಬ್ಲಾಕಿನ ಗೋಡೆ, ಮೇಲೆ ಸಿಮೆಂಟ್ ಶೀಟು. ಶೀಟಿನ ಮೇಲೆ ಮಲಗಲಾಗದು. ಗಂಡಸರು ಬೀದಿಯಲ್ಲಿ ಮಂಚ ಹಾಕಿಕೊಳ್ಳಬಹುದು; ಹೆಂಗಸರು, ಬೆಳೆದ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಒಳಗೇ ಬೇಯಬೇಕು. ಕರೆಂಟು ಹೋದರೆ ಫ್ಯಾನೂ ಇಲ್ಲ. ಇದ್ದರೂ, ಕಾದ ಶೀಟಿನ ಬಿಸಿಗಾಳಿಯನ್ನೇ ಅದು ಕೆಳಗೆ ತಳ್ಳುತ್ತದೆ.

ಚಾವಣಿ ಎಂಬುದು ಆರೋಗ್ಯದ ವಿಷಯ ಎಂದು ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಅಹಮದಾಬಾದಿನ ಒಂದು ಆಸ್ಪತ್ರೆಯ ಕಥೆಯಿಂದ. 2010ರ ಮೇ ತಿಂಗಳಲ್ಲಿ ಆ ನಗರದಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಅಲ್ಲಿನ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡ್ ಇದ್ದದ್ದು ಕಟ್ಟಡದ ಕಟ್ಟಕಡೆಯ ಮಹಡಿಯಲ್ಲಿ, ನೇರ ಚಾವಣಿಯ ಕೆಳಗೆ. ಹುಟ್ಟಿ ಕೆಲವೇ ದಿನಗಳಾದ ಶಿಶುಗಳು ಬಿಸಿಯಿಂದ ಜ್ವರ ಬಂದಂತಾಗಿ, ನೀರು ಕಳೆದುಕೊಂಡು ತೀವ್ರ ನಿಗಾ ಘಟಕಕ್ಕೆ ಬರುತ್ತಿದ್ದವು. ಆಮೇಲೆ ಆ ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಲಾಯಿತು, ಬಿಸಿಯಿಂದ ದಾಖಲಾಗುವ ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ತಾಯಂದಿರ ಮಂಚಗಳನ್ನು ಚಾವಣಿಯಿಂದ ದೂರ ಸರಿಸಿದ್ದು ಅಷ್ಟೆ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸುಮಾರು 15 ಸಾವಿರ ಹೆಚ್ಚುವರಿ ಸಾವುಗಳಾದಾಗಲೂ ಪ್ಯಾರಿಸ್ಸಿನ ಹಳೆಯ ಕಟ್ಟಡಗಳ ಕೊನೆಯ ಮಹಡಿಯಲ್ಲಿ, ಸತುವಿನ ತಗಡಿನ ಚಾವಣಿಯಡಿಯ ಸಣ್ಣ ಕೋಣೆಗಳಲ್ಲಿ ಒಂಟಿಯಾಗಿದ್ದ ವೃದ್ಧರು ಹೆಚ್ಚು ಅಪಾಯದಲ್ಲಿದ್ದರು. ಶ್ರೀಮಂತ ದೇಶದಲ್ಲೂ ಚಾವಣಿಗೆ ಅತಿ ಹತ್ತಿರದ ಕೋಣೆಯೇ ಅತಿ ಕಡಿಮೆ ಬಾಡಿಗೆಯ ಕೋಣೆ.

ಬೆಂಗಳೂರಿನ ಬಗ್ಗೆ ಬರೆಯುವಾಗ ಕಲಬುರಗಿಯವರಾದ ನಾವು ಸ್ವಲ್ಪ ಎಚ್ಚರಿಕೆಯಿಂದಿರಬೇಕು, ಏಕೆಂದರೆ ಅಲ್ಲಿನ 36 ಡಿಗ್ರಿಯನ್ನು ಬಿಸಿಲು ಎಂದು ಒಪ್ಪಿಕೊಳ್ಳಲು ನಮ್ಮ ಮನಸ್ಸು ಬೇಗ ಸಿದ್ಧವಾಗುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಆ ನಗರದ ದಾಖಲೆಯ ಉಷ್ಣಾಂಶ 2016ರ ಏಪ್ರಿಲ್‌ನ 39.2 ಡಿಗ್ರಿ. 2024ರ ಏಪ್ರಿಲ್ ಕೊನೆಯಲ್ಲಿ ಅದು ಮತ್ತೆ 38 ದಾಟಿತು. ಬಯಲು ಪ್ರದೇಶಗಳಿಗೆ ಬಿಸಿಗಾಳಿ ಎಂದು ಘೋಷಿಸಲು ಹವಾಮಾನ ಇಲಾಖೆ ಇಟ್ಟುಕೊಂಡಿರುವ ಮೊದಲ ಮಿತಿ 40 ಡಿಗ್ರಿ. ಆ ಮಿತಿಯ ಪ್ರಕಾರ ನೋಡುತ್ತ ಕುಳಿತರೆ ಬೆಂಗಳೂರಿನಲ್ಲಿ ಬಿಸಿಲಿನ ಸಮಸ್ಯೆಯೇ ಇಲ್ಲ ಎಂದಾಗುತ್ತದೆ. ಆದರೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಶೀಟಿನ ಚಾವಣಿಯಡಿ ಸಾಲು ಸಾಲು ಹೊಲಿಗೆ ಯಂತ್ರಗಳ ಬಿಸಿ, ಇಸ್ತ್ರಿ ವಿಭಾಗದ ಆವಿ ಎಲ್ಲ ಸೇರುವಲ್ಲಿ ಕುಳಿತು ಗಂಟೆಗಿಷ್ಟು ಪೀಸು ಎಂದು ಹೊಲಿಯುವ ಹೆಣ್ಣುಮಕ್ಕಳ ದೇಹಕ್ಕೆ ಹೊರಗಿನ ಅಧಿಕೃತ ಅಂಕಿ ಏನೂ ಹೇಳುವುದಿಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಹೋದ ಕುಟುಂಬಗಳು ಕಟ್ಟಡದ ಪಕ್ಕದ ಖಾಲಿ ಸೈಟಿನಲ್ಲಿ ನೀಲಿ ತಾಡಪಾಲು ಮತ್ತು ತಗಡಿನ ಶೆಡ್ಡುಗಳಲ್ಲಿ ಇರುತ್ತವೆ. ಬಿಸಿಲು ತಾಳದೆ ಊರು ಬಿಟ್ಟವರಲ್ಲ ಅವರು, ಊರಿನಲ್ಲಿ ಕೆಲಸವಿಲ್ಲದೆ ಬಿಟ್ಟವರು. ಊರಿನ ಕಲ್ಲುಮನೆಯ ತಂಪನ್ನೂ ಕಳೆದುಕೊಂಡು ತಂಪಾದ ನಗರವೆಂದು ಹೆಸರಾದ ಊರಿನಲ್ಲಿ ತಗಡಿನಡಿ ಮಲಗುತ್ತಾರೆ. ಅವರು ಕಟ್ಟುವ ಅಪಾರ್ಟ್‌ಮೆಂಟಿನ ಪ್ರತಿ ಮಲಗುವ ಕೋಣೆಯ ಹೊರಗೂ ಏಸಿ ಕೂರಿಸಲು ಕಟ್ಟೆ ಬಿಟ್ಟಿರುತ್ತಾರೆ. ಆ ಏಸಿ ಒಳಗಿನ ಬಿಸಿಯನ್ನು ಹೊರಗಿನ ಬೀದಿಗೇ ಸುರಿಯುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಬೇಸಿಗೆಯ ಎಲ್ಲ ಸಲಹಾ ಪತ್ರಗಳಲ್ಲಿಯೂ ಬಾಯಾರಿಕೆಯಾಗದಿದ್ದರೂ ಆಗಾಗ ನೀರು ಕುಡಿಯಿರಿ ಎಂದು ಬರೆದಿರುತ್ತದೆ. ಒಳ್ಳೆಯ ಸಲಹೆ. ಆದರೆ ಬೀದಿ ಗುಡಿಸುವ, ತರಕಾರಿ ಮಾರುವ, ಕಟ್ಟಡದಲ್ಲಿ ದುಡಿಯುವ ಹೆಂಗಸರು ಬೇಕೆಂದೇ ಕಡಿಮೆ ನೀರು ಕುಡಿಯುತ್ತಾರೆ ಎಂಬುದನ್ನು ಆ ಪತ್ರ ಬರೆಯುವವರು ಕೇಳಿ ತಿಳಿದಿಲ್ಲವೆಂದು ಕಾಣುತ್ತದೆ. "ನೀರ್ ಕುಡದ್ರ ಎಲ್ಲಿಗೆ ಹೋಗ್ಬೇಕ್ರೀ ಯಕ್ಕಾ?" ಎಂದು ತರಕಾರಿ ಬುಟ್ಟಿಯ ಮುಂದೆ ಕುಳಿತ ಹೆಣ್ಣುಮಗಳು ನನ್ನ ಜೊತೆಗಿದ್ದ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿದಳು. ಹತ್ತಿರದಲ್ಲಿ ಶೌಚಾಲಯವಿಲ್ಲ, ಇದ್ದರೆ ಅದಕ್ಕೆ ದುಡ್ಡು, ದುಡ್ಡು ಕೊಟ್ಟರೂ ಬುಟ್ಟಿ ನೋಡಿಕೊಳ್ಳುವವರು ಯಾರು? ಉರಿಮೂತ್ರ, ಮೂತ್ರಕೋಶದ ಸೋಂಕು, ಮೂತ್ರಪಿಂಡದ ಕಲ್ಲು ಎಂದು ಅವರು ಆಸ್ಪತ್ರೆಗೆ ಬಂದಾಗ ಚೀಟಿಯ ಮೇಲೆ ಆ ಕಾಯಿಲೆಯ ಹೆಸರು ಇರುತ್ತದೆಯೇ ಹೊರತು ಬಿಸಿಲಿನ ಹೆಸರಿರುವುದಿಲ್ಲ. ನಮ್ಮಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ಪುಣ್ಯದ ಕೆಲಸವೆಂದು ನಡೆದುಬಂದಿದೆ, ಈಗಲೂ ಯುವಕ ಸಂಘಗಳು, ಮಠಗಳು, ಅಂಗಡಿಯವರು ಮಣ್ಣಿನ ಕೊಡದಲ್ಲಿ ನೀರಿಟ್ಟು ಒದ್ದೆ ಬಟ್ಟೆ ಸುತ್ತುತ್ತಾರೆ. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅರವಟ್ಟಿಗೆಯ ಪಕ್ಕದಲ್ಲಿ ಶೌಚಾಲಯ ಕಟ್ಟಿಸುವ ದಾನಿಗಳು ಸಿಗುವುದು ಕಷ್ಟ. ಅದು ನಗರಸಭೆಯ ಕೆಲಸ, ಬಿಸಿಲಿನಿಂದ ಜನರನ್ನು ಕಾಯುವ ಕೆಲಸಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಯೇ ನೋಡಬೇಕು.

ಈಗಾಗಲೇ ಕಾಯಿಲೆಯಿರುವ ಬಡವರ ಪಾಡು ಬೇರೆಯೇ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಬಿಸಿಲಿನಲ್ಲಿ ಬೇಗ ನೀರು ಕಳೆದುಕೊಳ್ಳುತ್ತಾರೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳು ಬೆವರುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಬಳಸಲು ತೆರೆದ ಇನ್ಸುಲಿನ್ ಬಾಟಲಿಯನ್ನು ಸಾಮಾನ್ಯವಾಗಿ 30 ಡಿಗ್ರಿ ಮೀರದ ಜಾಗದಲ್ಲಿ ಇಡಬೇಕು. ಶೀಟಿನ ಮನೆಯಲ್ಲಿ ಫ್ರಿಜ್ ಇಲ್ಲದವರು ಅದನ್ನು ನೀರಿನ ಮಡಕೆಯ ಆಸರೆಯಲ್ಲಿ ಇಡುತ್ತಾರೆ, ಅದೂ ಆಗದಿದ್ದರೆ ಔಷಧವೇ ಶಕ್ತಿ ಕಳೆದುಕೊಳ್ಳುತ್ತದೆ. ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ವೈದ್ಯರು ರೋಗಿಯನ್ನು ಗದರುತ್ತಾರೆ. ಇನ್ನು ಮೂತ್ರಪಿಂಡ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳ ಕಬ್ಬು ಕಡಿಯುವ ಯುವಕರಲ್ಲಿ, ಮಧುಮೇಹವೂ ಇಲ್ಲದೆ ರಕ್ತದೊತ್ತಡವೂ ಇಲ್ಲದೆ ಮೂತ್ರಪಿಂಡಗಳು ಕೈಕೊಟ್ಟದ್ದನ್ನು ವೈದ್ಯರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಧ್ಯಯನ ಮಾಡುತ್ತಿದ್ದಾರೆ. ಬಿಸಿಲಿನಲ್ಲಿ ಬಿಡುವಿಲ್ಲದೆ ದುಡಿದು ಪದೇ ಪದೇ ನೀರು ಕಳೆದುಕೊಳ್ಳುವುದು ಅದರ ಮುಖ್ಯ ಕಾರಣಗಳಲ್ಲೊಂದು ಎಂಬ ಅಭಿಪ್ರಾಯ ಬಲವಾಗಿದೆ. ನಿಕರಾಗುವಾದ ಒಂದು ಸಕ್ಕರೆ ಕಾರ್ಖಾನೆಯ ಗದ್ದೆಗಳಲ್ಲಿ ನೀರು, ನೆರಳು ಮತ್ತು ಕಡ್ಡಾಯ ವಿಶ್ರಾಂತಿಯನ್ನು ಕೆಲಸದ ಭಾಗವಾಗಿಸಿದಾಗ ಮೂತ್ರಪಿಂಡಕ್ಕಾಗುವ ಹಾನಿ ಇಳಿಯಿತು. ಇಲ್ಲಿ ಕಡ್ಡಾಯ ಎಂಬುದರ ಮೇಲೆ ನಾನು ಒತ್ತು ಕೊಡುತ್ತೇನೆ. ವಿಶ್ರಾಂತಿ ಬೇಕಾದವರು ಕೇಳಿ ಪಡೆಯಲಿ ಎಂದಿದ್ದರೆ ತೂಕದ ಲೆಕ್ಕದಲ್ಲಿ ದುಡಿಯುವವರು ಯಾರೂ ಕೇಳುತ್ತಿರಲಿಲ್ಲ.

ಇಷ್ಟೆಲ್ಲ ನಡೆದರೂ ಬಿಸಿಲಿನ ಸಾವುಗಳು ಲೆಕ್ಕಕ್ಕೆ ಸಿಗುವುದಿಲ್ಲ. 2020ರ ಅಧಿಕೃತ ವರದಿಯ ಪ್ರಕಾರ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ದೃಢೀಕರಿಸಿದವು ಶೇ 22.5 ಮಾತ್ರ. ಕಾರಣ ಬರೆದಾಗಲೂ ಹೃದಯಾಘಾತವೆಂದೋ ಮೂತ್ರಪಿಂಡ ವೈಫಲ್ಯವೆಂದೋ ಬರೆಯುತ್ತಾರೆ. ಹಾಗೆ ಬರೆಯುವುದು ಸುಳ್ಳಲ್ಲ, ಆದರೆ ಆ ಹೃದಯ ಅದೇ ಮಧ್ಯಾಹ್ನ ಏಕೆ ನಿಂತಿತು ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. ಅಹಮದಾಬಾದಿನಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಕಾರಣದ ಗೊಡವೆ ಬಿಟ್ಟು 2010ರ ಮೇ ತಿಂಗಳ ಎಲ್ಲ ಸಾವುಗಳನ್ನೂ ಎಣಿಸಿ, ಅಕ್ಕಪಕ್ಕದ ವರ್ಷಗಳ ಮೇ ತಿಂಗಳಿನೊಡನೆ ಹೋಲಿಸಿದರು. ಹೆಚ್ಚಾಗಿ ಕಂಡ ಸಾವುಗಳು 1,344. ಹೀಟ್ ಸ್ಟ್ರೋಕ್ ಎಂದು ಬರೆದ ಚೀಟಿಗಳನ್ನಷ್ಟೇ ಎಣಿಸಿದ್ದರೆ ಈ ಸಂಖ್ಯೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿಯೂ ಇದೇ ಆಗಿತ್ತು. ಅಲ್ಲಿನ ಶವಪರೀಕ್ಷಾ ಮುಖ್ಯಾಧಿಕಾರಿ ಎಡ್ಮಂಡ್ ಡೊನೊಹ್ಯೂ ಬಿಸಿಲಿನ ಸಾವುಗಳೆಂದು ಹೇಳತೊಡಗಿದಾಗ ಮೇಯರ್ ರಿಚರ್ಡ್ ಡೇಲಿ ಆ ಸಂಖ್ಯೆಯನ್ನೇ ಪ್ರಶ್ನಿಸಿದರು. ಕೊನೆಗೆ ಹೆಚ್ಚುವರಿ ಸಾವುಗಳ ಲೆಕ್ಕ 739ಕ್ಕೆ ಬಂತು. ಸತ್ತವರಲ್ಲಿ ಬಡ, ಒಂಟಿ ವೃದ್ಧರು, ಅದರಲ್ಲೂ ಕಪ್ಪು ಜನ ಹೆಚ್ಚು. ಆ ನಗರದ ಪಕ್ಕಪಕ್ಕದ ಎರಡು ಬಡಾವಣೆಗಳಾದ ನಾರ್ತ್ ಲಾಂಡೇಲ್ ಮತ್ತು ಸೌತ್ ಲಾಂಡೇಲ್‌ಗಳಲ್ಲಿ ಬಿಸಿಲು ಒಂದೇ, ಒಂಟಿಯಾಗಿ ಬದುಕುವ ಬಡ ವೃದ್ಧರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಸಾವಿನ ಪ್ರಮಾಣ ಮಾತ್ರ ಲಕ್ಷಕ್ಕೆ 40 ಮತ್ತು ಲಕ್ಷಕ್ಕೆ 4. ಮೊದಲನೆಯದರಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಖಾಲಿಯಾಗಿ, ವಯಸ್ಸಾದವರು ಭಯದಿಂದ ಬಾಗಿಲು ಹಾಕಿಕೊಂಡಿದ್ದರು. ಎರಡನೆಯದರಲ್ಲಿ ಜನನಿಬಿಡ ಬೀದಿ, ತೆರೆದ ಅಂಗಡಿ, ಹೊರಗೆ ಬಂದರೆ ಮಾತಾಡಿಸುವವರು ಇದ್ದರು. ಅಂದರೆ ಒಂದು ಬೀದಿಯನ್ನು ನಗರ ಎಷ್ಟು ವರ್ಷಗಳಿಂದ ಕೈಬಿಟ್ಟಿದೆ ಎಂಬುದೂ ಬಿಸಿಲಿನ ಸಾವಿಗೆ ಕಾರಣವಾಗುತ್ತದೆ.

ನಮ್ಮಲ್ಲಿ ಚುನಾವಣೆಯ ಕೆಲಸಕ್ಕೆ ಹೋದವರೂ ಹೀಗೆ ತೀರಿಕೊಂಡಿದ್ದಾರೆ. 2024ರ ಜೂನ್ 1ರಂದು, ಲೋಕಸಭಾ ಚುನಾವಣೆಯ ಕೊನೆಯ ಹಂತದಲ್ಲಿ, ಉತ್ತರ ಪ್ರದೇಶವೊಂದರಲ್ಲಿಯೇ 33 ಮಂದಿ ಮತಗಟ್ಟೆ ಸಿಬ್ಬಂದಿ ಬಿಸಿಲಿನಿಂದ ಸತ್ತರೆಂದು ಅಲ್ಲಿನ ಮುಖ್ಯ ಚುನಾವಣಾಧಿಕಾರಿಯೇ ತಿಳಿಸಿದರು. ಅವರಲ್ಲಿ ಹೋಮ್‌ಗಾರ್ಡುಗಳು, ಸ್ವಚ್ಛತಾ ಸಿಬ್ಬಂದಿ ಸೇರಿದ್ದರು. ಸರ್ಕಾರದ ಕೆಲಸದಲ್ಲಿದ್ದವರಾದ್ದರಿಂದ ಅವರ ಸಾವು ಎಣಿಕೆಗೆ ಬಂತು, ಕುಟುಂಬಕ್ಕೆ ಪರಿಹಾರದ ದಾರಿ ತೆರೆಯಿತು. ಅದೇ ವಾರ ಸತ್ತ ಇಟ್ಟಿಗೆ ಗೂಡಿನ ಕೂಲಿಗೆ, ರಿಕ್ಷಾ ತುಳಿಯುವವನಿಗೆ ಅಂಥ ಎಣಿಕೆ ಎಲ್ಲಿಂದ ಬರಬೇಕು? ಪರಿಹಾರದ ಕಾನೂನೂ ಅವರಿಗೆ ನೆರವಾಗುವಂತಿರಲಿಲ್ಲ. ವಿಪತ್ತು ಪರಿಹಾರ ನಿಧಿಗಾಗಿ ಕೇಂದ್ರ ಅಧಿಸೂಚಿಸಿದ ವಿಪತ್ತುಗಳ ಪಟ್ಟಿಯಲ್ಲಿ ಶೀತಗಾಳಿಯಿತ್ತು, ಬಿಸಿಗಾಳಿ ಇರಲಿಲ್ಲ. ಅದನ್ನು ಸೇರಿಸಬೇಕೆಂಬ ಬೇಡಿಕೆಯನ್ನು 15ನೇ ಹಣಕಾಸು ಆಯೋಗ ಒಪ್ಪಲಿಲ್ಲ. ರಾಜ್ಯಗಳು ತಮ್ಮ ಪಾಲಿನ ನಿಧಿಯ ಶೇ 10ರ ಮಿತಿಯಲ್ಲಿ ಸ್ಥಳೀಯ ವಿಪತ್ತೆಂದು ಘೋಷಿಸಿಕೊಳ್ಳಬಹುದು. ತಮಿಳುನಾಡು 2024ರಲ್ಲಿ, ತೆಲಂಗಾಣ 2025ರಲ್ಲಿ ಹಾಗೆ ಘೋಷಿಸಿ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದವು. ಒಳ್ಳೆಯದೇ, ಆದರೆ ಸಾವು ಬಿಸಿಲಿನದೆಂದು ಬರೆಸಿಕೊಳ್ಳುವ ಹೊರೆ ಮತ್ತೆ ಸತ್ತವನ ಹೆಂಡತಿಯ ತಲೆಯ ಮೇಲೆಯೇ.

ಅಹಮದಾಬಾದು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ನಗರ ಬಿಸಿಲು ಕ್ರಿಯಾ ಯೋಜನೆಯನ್ನು ಮಾಡಿತು. ಮುನ್ಸೂಚನೆ, ಆಸ್ಪತ್ರೆಗಳ ತಯಾರಿ, ನೀರಿನ ವ್ಯವಸ್ಥೆ, ಜನಜಾಗೃತಿ ಎಲ್ಲವೂ ಅದರಲ್ಲಿದ್ದವು, ಅದರಿಂದ ಜೀವಗಳು ಉಳಿದಿವೆ ಎಂದು ಮುಂದಿನ ಅಧ್ಯಯನಗಳು ಹೇಳಿವೆ. ಅಲ್ಲಿಂದೀಚೆಗೆ ಇಂಥ ಯೋಜನೆಗಳು ಹಲವು ರಾಜ್ಯಗಳಲ್ಲಿ ಬಂದಿವೆ. ಅವುಗಳಲ್ಲೆಲ್ಲ ನನ್ನನ್ನು ಕಾಡುವ ಸಾಲೊಂದಿದೆ: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ಈ ಸಾಲು ಓದುವವನಿಗೆ ಹೊರಗೆ ಹೋಗದಿರುವ ಆಯ್ಕೆ ಇದೆ ಎಂದು ಅದು ಭಾವಿಸಿಕೊಂಡಿದೆ. ದಿನಗೂಲಿಯವನಿಗೆ ಅದು ಮೂರು ತಾಸಿನ ಕೂಲಿ ಬಿಡು ಎಂಬ ಸೂಚನೆಯಾಗುತ್ತದೆ. ಕೇರಳದ ಕಾರ್ಮಿಕ ಇಲಾಖೆ ಇದನ್ನು ಬೇರೆ ರೀತಿಯಲ್ಲಿ ನೋಡಿದೆ. ಅಲ್ಲಿ ಪ್ರತಿ ಬೇಸಿಗೆಯಲ್ಲೂ ಬಯಲಿನಲ್ಲಿ ದುಡಿಯುವವರಿಗೆ 12ರಿಂದ 3ರವರೆಗೆ ವಿಶ್ರಾಂತಿ ಕೊಡಲೇಬೇಕೆಂದು ಆದೇಶವಾಗುತ್ತದೆ, ಅದು ಕೂಲಿಗಲ್ಲ, ಮಾಲೀಕನಿಗೆ ಕೊಡುವ ಆದೇಶ. ನಮ್ಮ ಕರಾವಳಿಯ ಎಷ್ಟೋ ಜನ ದುಡಿಯುವ ಕೊಲ್ಲಿ ದೇಶಗಳಲ್ಲೂ ಬೇಸಿಗೆಯ ಮಧ್ಯಾಹ್ನದ ಬಯಲು ಕೆಲಸಕ್ಕೆ ನಿಷೇಧವಿದೆ. ಕತಾರಿನಲ್ಲಿ 2021ರಿಂದ ಅದು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ. ಅಷ್ಟು ದೂರವೇಕೆ, ನಮ್ಮ ರಾಜ್ಯದಲ್ಲೇ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳ ಕೂಲಿಕಾರರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಅಗೆಯಬೇಕಾದ ಮಣ್ಣು ಕಡಿಮೆ, ಕೂಲಿ ಪೂರ್ತಿ. ಹಳ್ಳಿಯ ಕೆರೆ ಹೂಳೆತ್ತುವವಳಿಗೆ ಸಿಕ್ಕ ಈ ನ್ಯಾಯ, ಅವಳೇ ಬಸ್ಸು ಹತ್ತಿ ನಗರಕ್ಕೆ ಬಂದು ಚರಂಡಿ ಕಾಮಗಾರಿಗೆ ನಿಂತ ದಿನ ಇಲ್ಲವಾಗುತ್ತದೆ.

ಆದ್ದರಿಂದ ನಾನು ಕೇಳುವುದು ಹೊಸದೇನನ್ನೂ ಅಲ್ಲ. ಮಹಾನಗರ ಪಾಲಿಕೆ, ಲೋಕೋಪಯೋಗಿ ಇಲಾಖೆ, ನಮ್ಮ ಕಡೆ ವಿದ್ಯುತ್ ಪೂರೈಸುವ ಜೆಸ್ಕಾಂ ಇತ್ಯಾದಿಗಳು ಕರೆಯುವ ಪ್ರತಿ ಟೆಂಡರಿನಲ್ಲಿ ಬೇಸಿಗೆಯ ಮಧ್ಯಾಹ್ನದ ವಿಶ್ರಾಂತಿ, ನೆರಳು, ನೀರು, ಶೌಚಾಲಯಗಳನ್ನು ಷರತ್ತಾಗಿ ಬರೆದು, ಅದರ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿಯೇ ಸೇರಿಸಬಹುದು. ಕಟ್ಟಡ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. ಕೆಂಪು ಎಚ್ಚರಿಕೆಯ ದಿನಗಳಲ್ಲಿ ನಿಂತ ಕೆಲಸದ ಕೂಲಿಯ ಒಂದು ಭಾಗವನ್ನು ಅದರಿಂದ ತುಂಬಿಕೊಡಲು ಸಾಧ್ಯವೇ ಎಂದು ಯೋಚಿಸಬಹುದು. ಅಸಂಘಟಿತ ವಲಯದಲ್ಲಿ ದುಡಿಯುವ ಹೆಂಗಸರ ಸಂಘವಾದ ‘ಸೇವಾ’ (SEWA) ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳ ತನ್ನ ಮಹಿಳಾ ಸದಸ್ಯರಿಗೆ, ಉಷ್ಣಾಂಶ ನಿಗದಿತ ಮಿತಿ ದಾಟಿದರೆ ಬ್ಯಾಂಕ್ ಖಾತೆಗೆ ನೇರವಾಗಿ ಸಣ್ಣ ಮೊತ್ತ ಬರುವ ವಿಮೆಯನ್ನು 2024ರಲ್ಲಿ ನಡೆಸಿ ತೋರಿಸಿದೆ. ಕಾಯಿಲೆ ಬಿದ್ದ ಪುರಾವೆ ಕೇಳದೆ, ತಾಪಮಾಪಕದ ಅಂಕಿಯನ್ನೇ ಪುರಾವೆಯಾಗಿ ಒಪ್ಪಿಕೊಂಡದ್ದು ಅದರ ಹೆಚ್ಚುಗಾರಿಕೆ. ಮೊತ್ತ ಸಾಲದು, ಆದರೆ ಕೂತರೆ ಪಗಾರ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಅದು ನೇರವಾಗಿ ಮುಖಾಮುಖಿಯಾಗುತ್ತದೆ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು ಬದುಕುವ ಹಕ್ಕಿನೊಡನೆ ಮಾತ್ರವಲ್ಲ, ಸಮಾನತೆಯ ಹಕ್ಕಿನೊಡನೆಯೂ ಜೋಡಿಸಿ ಗುರುತಿಸಿತು. ಆ ಜೋಡಣೆ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ಹಗಲಿನ ಕೆಲಸಕ್ಕೆ ಇಷ್ಟಾದರೆ, ರಾತ್ರಿಯ ಚಾವಣಿಗೆ ಇನ್ನೂ ಸುಲಭದ ದಾರಿಯಿದೆ. ಚಾವಣಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಣ್ಣ ಬಳಿದರೆ ಕೋಣೆಯೊಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿಯವರೆಗೂ ಇಳಿಯಬಹುದು. ಅಹಮದಾಬಾದಿನ ಕೊಳೆಗೇರಿಗಳಲ್ಲಿ ಇದನ್ನು ಮಾಡಿದ್ದಾರೆ, ತೆಲಂಗಾಣ 2023ರಲ್ಲಿ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ತಂದಿದೆ. ನಮ್ಮಲ್ಲಿ ತೊಡಕಿರುವುದು ಬಾಡಿಗೆಯ ವಿಷಯದಲ್ಲಿ. ಶೀಟಿನ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಮಾಲೀಕ ಅಲ್ಲಿ ಮಲಗುವುದಿಲ್ಲ, ಆದ್ದರಿಂದ ಬಣ್ಣಕ್ಕೆ ದುಡ್ಡು ಹಾಕುವುದಿಲ್ಲ. ಅಲ್ಲಿ ಮಲಗುವವರಿಗೆ ಮುಂದಿನ ವರ್ಷ ಆ ಮನೆಯಲ್ಲೇ ಇರುತ್ತೇವೆಂಬ ಖಾತ್ರಿಯಿಲ್ಲ, ಬಳಿಸಿದರೆ ಬಾಡಿಗೆ ಏರಿಸುತ್ತಾರೆಂಬ ಭಯವೂ ಉಂಟು. ಇಬ್ಬರ ನಡುವೆ ನಗರಾಡಳಿತವೇ ಬರಬೇಕು. ಬಳಿದ ಮನೆಗಳ ಬಾಡಿಗೆಯನ್ನು ಎರಡು ವರ್ಷ ಏರಿಸಬಾರದೆಂದು ಬರೆಸಿಕೊಂಡು, ಫೆಬ್ರವರಿಯೊಳಗೆ ವಾರ್ಡುವಾರು ಬಳಿಸಬೇಕು, ಏಕೆಂದರೆ ಮಾರ್ಚ್ ಎರಡನೇ ವಾರದ ನಂತರ ಕಾದ ಶೀಟಿನ ಮೇಲೆ ಕಾಲಿಡಲು ಬಳಿಯುವವರಿಗೂ ಆಗುವುದಿಲ್ಲ. ಇದಕ್ಕೆ ಮೊದಲು ಬೇಕಾದದ್ದು ಯಾವ ವಾರ್ಡಿನಲ್ಲಿ ಎಷ್ಟು ಶೀಟಿನ ಮನೆ, ಎಷ್ಟು ತಗಡಿನ ಶೆಡ್ಡು, ಅವುಗಳಲ್ಲಿ ಎಷ್ಟರಲ್ಲಿ ಬಾಣಂತಿಯರು, ಹಾಸಿಗೆ ಹಿಡಿದವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಇದ್ದಾರೆ ಎಂಬ ಪಟ್ಟಿ. ಮನೆ ಕಂದಾಯದ ದಫ್ತರದಲ್ಲಿ ಇಂಥ ಮನೆಗಳಲ್ಲಿ ಬಹಳಷ್ಟು ಇಲ್ಲವೇ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ಮಾತ್ರ ಅವು ಒಂದೊಂದೂ ಗೊತ್ತು. ಅವರು ಆ ಪಟ್ಟಿಯನ್ನು ಬರೆದುಕೊಡಬಲ್ಲರು. ಬರೆದದ್ದಕ್ಕೆ ಗೌರವಧನ ಕೊಡಬೇಕು, ಅದನ್ನು ಬರೆಯಲು ಅವರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕಳಿಸಬಾರದು.